ಗುರುತು ಬೀಳದ ತೂತು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹಗಲು ಹೊತ್ತು ಯಾವುದಾದರೂ ಮನೆಯ ಮಗ್ಗದ ಸದ್ದು ತಟ್ಟನೆ ನಿಂತರೆ ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಒಂದೋ ಕರೆಂಟು ಹೋಗಿರಬೇಕು, ಇಲ್ಲವೇ ಯಾರಿಗೋ ಏನೋ ಆಗಿರಬೇಕು. ನಮ್ಮ ಶೆಡ್ಡಿನ ಸದ್ದು ನಿಂತ ದಿನ ಕರೆಂಟು ಇತ್ತು.

ಅಪ್ಪ ಹೋದ ಮೇಲೆ ಆರು ಮಗ್ಗಗಳನ್ನೂ ಕೊಂಡವರು ಬಿಚ್ಚಿ ಸಾಗಿಸಿಕೊಂಡು ಹೋದರು. ಉಳಿದದ್ದು ಶೀಟು ಹೊದೆಸಿದ ಉದ್ದನೆಯ ಶೆಡ್ಡು, ಮಗ್ಗಗಳು ನಿಂತಿದ್ದ ಕಡೆ ನೆಲಕ್ಕಿಳಿದ ಎಣ್ಣೆಯ ಕರಿ ಕಲೆಗಳು, ತೊಲೆಗಳ ಮೇಲೆ ವರ್ಷಗಟ್ಟಲೆ ಕೂತ ನೂಲಿನ ಧೂಳು. ಶೆಡ್ಡಿನ ಮುಂದಿನ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ದೊಡ್ಡಬೆಳವಂಗಲದ ಕಡೆ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ತೆಗೆದುಕೊಂಡ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಿವಿಗೆ ಹತ್ತಿ ತುರುಕಿಕೊಂಡು ಮಗ್ಗದ ಸದ್ದಿನ ಪಕ್ಕದಲ್ಲೇ ಓದಿ ಪಾಸಾದವಳು. ಪುಸ್ತಕದಲ್ಲಿ ಅಚ್ಚಾದ ಮಾತೆಂದರೆ ಆಗಲೂ ಈಗಲೂ ನನಗೆ ಒಂದು ಕೈ ಹೆಚ್ಚಿನ ಗೌರವ.

ಶೆಡ್ಡು ಎರಡು ವರ್ಷ ಬೀಗ ಹಾಕಿಕೊಂಡಿತ್ತು. ಆಮೇಲೆ ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬರು ಮಕ್ಕಳಿಗೆ ಬಿಲ್ಲುಗಾರಿಕೆ ಕಲಿಸಲು ಜಾಗ ಹುಡುಕುತ್ತಾ ಬಂದರು. ಟೇಪು ಹಿಡಿದು ಈ ಗೋಡೆಯಿಂದ ಆ ಗೋಡೆಗೆ ಅಳೆದರು.

"ಒಳಾಂಗಣಕ್ಕೆ ಹದ್ನೆಂಟು ಮೀಟ್ರು ಬೇಕು ಮೇಡಂ. ನಿಂತ್ಕೊಳ್ಳೋಕ್ ಜಾಗ ಬಿಟ್ರೂ ಸರಿಯಾಗಿ ಬತ್ತದೆ. ಅಳ್ದು ಕಟ್ಸಿದಂಗಿದೆಯಲ್ಲಾ!"

"ಮಗ್ಗಕ್ಕೆ ಅಳ್ದು ಕಟ್ಸಿದ್ದು" ಎಂದಳು ಅಮ್ಮ, ಬಾಗಿಲಲ್ಲಿ ನಿಂತು.

ಕೋಚ್ ಹತ್ತಿರ ಇಂಗ್ಲಿಷಿನ ನಿಯಮಪುಸ್ತಕವೊಂದಿತ್ತು. ಅದನ್ನು ನನ್ನ ಕೈಗೆ ಕೊಟ್ಟು, "ಹೊಡ್ಯೋದು ನಂಗೊತ್ತು, ಓದೋದು ನಿಮ್ಗೊತ್ತು" ಎಂದರು. ಹಾಗೆ ನಾನು ಭಾನುವಾರಗಳಲ್ಲಿ ಅಂಕ ಬರೆಯುವವಳಾದೆ. ನಿಯಮಗಳನ್ನು ಕನ್ನಡಕ್ಕೆ ಇಳಿಸಿ, ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿದೆ.

ಹೊಸಬರಿಗೆ ಹೇಳಿಕೊಡುವಾಗ ನಾನು ಬಣ್ಣದಿಂದ ಶುರುಮಾಡುತ್ತೇನೆ. ಫೋಮಿನ ಹಲಗೆಯ ಮೇಲೆ ಅಂಟಿಸಿದ ಕಾಗದದಲ್ಲಿ ಒಂದರೊಳಗೊಂದು ವೃತ್ತಗಳು. ನಡುವಿನ ಹಳದಿಗೆ ಹತ್ತು ಮತ್ತು ಒಂಬತ್ತು, ಅದರ ಸುತ್ತಲಿನ ಕೆಂಪಿಗೆ ಎಂಟು ಮತ್ತು ಏಳು, ನೀಲಿಗೆ ಆರು ಮತ್ತು ಐದು. ಹೊರಗೆ ಹೋದಷ್ಟೂ ಅಂಕ ಕಡಿಮೆ. ಒಂದು ಸುತ್ತಿಗೆ ಮೂರು ಬಾಣ, ಎರಡು ನಿಮಿಷ. ಇಪ್ಪತ್ತು ಸುತ್ತು, ಅರವತ್ತು ಬಾಣ. ಬಾಣದ ಕಡ್ಡಿ ಗೆರೆಗೆ ಕೂದಲೆಳೆಯಷ್ಟು ತಾಗಿದ್ದರೂ ಹೆಚ್ಚಿನ ಅಂಕವೇ ಸಲ್ಲುತ್ತದೆ. ಅಂಕ ಬರೆದು ಮುಗಿಯುವವರೆಗೆ ಬಾಣವನ್ನಾಗಲಿ ಕಾಗದವನ್ನಾಗಲಿ ಯಾರೂ ಮುಟ್ಟಬಾರದು. ಹೆಚ್ಚಿನದರಿಂದ ಕಡಿಮೆಯದಕ್ಕೆ ಕೂಗಿ ಹೇಳಬೇಕು. ಗುರಿ ತಪ್ಪಿದ್ದಕ್ಕೆ ಸೊನ್ನೆ ಬರೆಯುವುದಿಲ್ಲ, ಇಂಗ್ಲಿಷಿನ 'ಎಂ' ಎಂದು ಬರೆಯುತ್ತಾರೆ.

ಬಾಣ ಕಿತ್ತಾಗ ಪ್ರತಿ ತೂತಿನ ಅಂಚಿಗೂ ಪೆನ್ನಿನಲ್ಲಿ ಒಂದು ಸಣ್ಣ ಗೀಟು ಎಳೆಯಬೇಕು. ಇದು ಮಾತ್ರ ಮಕ್ಕಳಿಗೆ ಬೇಗ ಅರ್ಥವಾಗುವುದಿಲ್ಲ.

"ಬಾಣ ಕಿತ್ಮೇಲೆ ತೂತ್ ತಗೊಂಡ್ ಏನ್ ಮಾಡೋದು ಮಿಸ್?" ಎಂದು ಮೊದಲ ದಿನವೇ ಕೇಳಿದ್ದು ನನ್ನದೇ ಶಾಲೆಯ ಹತ್ತನೇ ಕ್ಲಾಸಿನ ಹುಡುಗಿ. ಬೆಳವಂಗಲದಾಚೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು.

"ಒಂದೊಂದ್ಸಲ ಬಾಣ ಹಲಗೆಗೆ ಬಡಿದು ವಾಪಸ್ ಬಿದ್ಬಿಡುತ್ತೆ. ಆಗ ಎಲ್ಲಿಗೆ ತಗಲ್ತು ಅಂತ ಹೆಂಗ್ ಹೇಳ್ತೀಯ? ಹಳೇ ತೂತಿಗೆಲ್ಲ ಗೀಟಿರುತ್ತೆ. ಗೀಟಿಲ್ಲದ್ದು ಯಾವ್ದೋ ಅದು ನಿಂದು."

"ಗೀಟಿಲ್ಲದ್ದು ಎರಡಿದ್ರೆ?"

ಪುಸ್ತಕದಲ್ಲಿ ಅದಕ್ಕೂ ಉತ್ತರವಿತ್ತು. ಎರಡಿದ್ದರೆ ಅವುಗಳಲ್ಲಿ ಕಡಿಮೆ ಅಂಕದ್ದನ್ನೇ ಕೊಡಬೇಕು. "ಎರಡಿರಲ್ಲ. ನಾನು ಹಾಕ್ತೀನಲ್ಲ ಗೀಟು" ಎಂದೆ.

ಆ ಹುಡುಗಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವಳಪ್ಪ ರಾಗಿ, ಜೋಳ ಬೆಳೆಯುವ ಮನುಷ್ಯ, ಕೆಟ್ಟವನಲ್ಲ. ಆದರೆ ಒಂದೇ ಮಾತು ಹೇಳಿದ್ದ: ಆಟದ ಮೇಲೆ ಹಾಸ್ಟೆಲ್ ಸೀಟು ಸಿಕ್ಕಿದರೆ ಪಿಯುಸಿ ಓದಲಿ, ಇಲ್ಲದಿದ್ದರೆ ಹತ್ತಕ್ಕೆ ಸಾಕು. ಹಾಸ್ಟೆಲ್ ಸೀಟಿಗೆ ರಾಜ್ಯಮಟ್ಟದಲ್ಲಿ ಆಡಿರಬೇಕು. ಅಲ್ಲಿಗೆ ಕಳಿಸಬೇಕಾದರೆ ನಮ್ಮ ಶೆಡ್ಡಿನ ಆಯ್ಕೆಯ ದಿನ ಆರುನೂರಕ್ಕೆ ನಾನೂರ ಎಂಬತ್ತು ಮುಟ್ಟಬೇಕು ಎಂದು ಕೋಚ್ ಗೆರೆ ಎಳೆದಿದ್ದರು. ಅವಳು ಓದುವುದು ಬಿಡುವುದು ಆ ಕಾಗದದ ಮೇಲಿನ ತೂತುಗಳಲ್ಲಿತ್ತು.

ಶೆಡ್ಡಿನಲ್ಲಿ ನಾಲ್ಕು ಗುರಿಹಲಗೆಗಳು. ಒಂದನೆಯದು ಗೋಡೆಯ ಪಕ್ಕ, ಅಪ್ಪನ ಸ್ವಂತ ಮಗ್ಗ ನಿಂತಿದ್ದ ಎಣ್ಣೆ ಕಲೆಯ ಮೇಲೆಯೇ. ಅವಳು ಅಲ್ಲಿ ಹೊಡೆಯುತ್ತಿದ್ದಳು, ನಾನು ಬರೆಯುತ್ತಿದ್ದೆ. ಬಾಣ ಫೋಮಿಗೆ ಹೊಕ್ಕಾಗ ಟಪ್ಪೆಂದು ಒಂದು ಸದ್ದು. ಮಗ್ಗದಲ್ಲಿ ಲಾಳಿ ಆ ತುದಿಗೆ ಬಡಿದಾಗಿನ ಸದ್ದೇ. ಲಾಳಿಯಾದರೆ ಮರುಗಳಿಗೆಯಲ್ಲೇ ವಾಪಸ್ಸು ಬರುತ್ತಿತ್ತು. ಇಲ್ಲಿ ವಾಪಸ್ಸು ಬರುವುದಿಲ್ಲ. ಪ್ರತಿ ಸಲವೂ ಆ ಎರಡನೇ ಸದ್ದಿಗೆ ನನ್ನ ಕಿವಿ ಕಾಯುತ್ತಿತ್ತು. ಅದರ ಬದಲಿಗೆ ತೊಲೆಯಿಂದ ನೂಲಿನ ಧೂಳು ಒಂದಿಷ್ಟು ಸದ್ದಿಲ್ಲದೆ ಇಳಿಯುತ್ತಿತ್ತು.

ಮೊದಲ ಸಲ ಕಣ್ಣಿಗೆ ಬಿದ್ದದ್ದು ಕೋಚ್‌ಗೆ. ಅಭ್ಯಾಸ ಮುಗಿದು ಕಾಗದ ಬಿಚ್ಚುತ್ತಿದ್ದರು.

"ಮೇಡಂ, ಇದೊಂದಕ್ಕೆ ಗೀಟಿಲ್ವಲ್ಲ?"

ನನಗೆ ನಾಚಿಕೆಯಾಯಿತು. ಮುಂದಿನ ವಾರ ಕಣ್ಣಿಟ್ಟು ಹಾಕಿದೆ. ಆ ಕಾಗದದಲ್ಲೂ ಒಂದು ಉಳಿದಿತ್ತು. ಅದರ ಮುಂದಿನ ವಾರವೂ.

ಮಕ್ಕಳಿಗೆ ಇಷ್ಟು ಸಾಕಲ್ಲ. "ಒಂದನೇ ನಂಬರಲ್ಲಿ ನಾಲ್ಕನೇ ಬಾಣ ಬಿಡೋರು ಯಾರೋ ಅವ್ರೆ ಕಣ್ರೋ" ಎಂದು ಹಬ್ಬಿಸಿದರು. ಕೋಚ್ ಮೊದಲು ನಕ್ಕರು. ಇನ್ನೊಂದು ವಾರ ಕಳೆದ ಮೇಲೆ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು.

"ಗಡಿ ಕಾದೋರು, ನೀವೂನಾ ಸಾರ್?" ಎಂದೆ.

"ಗಡೀಲಿ ಎದುರ್ಗಡೆ ಇರೋನು ಕಾಣ್ತಾನೆ ಮೇಡಂ" ಎಂದರು.

ನಾನು ಗಣಿತದವಳು. ಒಂದು ಕಾಗದ ಮೂವತ್ತು ಬಾಣಕ್ಕೆ, ಆಮೇಲೆ ಹೊಸದು. ಹಾಗಾಗಿ ಬಾಯಲ್ಲಿ ಎಣಿಸುತ್ತಾ ಗೀಟು ಎಳೆದೆ. ಒಂದು, ಎರಡು, ಮೂರು. ಮೂವತ್ತು ಎಂದು ಎಣಿಸಿ ಪೆನ್ನಿನ ಮುಚ್ಚಳ ಹಾಕಿದ್ದು ಚೆನ್ನಾಗಿ ನೆನಪಿದೆ. ಕಾಗದವನ್ನು ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದೆ. ತೂತುಗಳಿಂದ ಬೆಳಕು ಸೂಜಿಗಳ ಹಾಗೆ ಈಚೆ ಬಂತು. ಗೀಟುಗಳು ಇಪ್ಪತ್ತೊಂಬತ್ತು. ಮೂರು ಸಲ ಎಣಿಸಿದರೂ ಇಪ್ಪತ್ತೊಂಬತ್ತೇ.

ಇನ್ನೊಂದು ಸಂಗತಿಯನ್ನು ನಾನು ಆಗ ಯಾರಿಗೂ ಹೇಳಲಿಲ್ಲ. ಗೀಟು ಎಳೆಯುವಾಗ ಒಮ್ಮೊಮ್ಮೆ ಬಲಗೈ ಮಣಿಕಟ್ಟಿನ ಸುತ್ತ ತಣ್ಣಗಾಗುತ್ತಿತ್ತು. ಒದ್ದೆ ಬಟ್ಟೆ ಸುತ್ತಿದ ಹಾಗೆ, ಬಳೆಗಿಂತ ಸ್ವಲ್ಪ ಮೇಲೆ. ಅರೆಗಳಿಗೆ ಅಷ್ಟೇ. ಚಳಿಗಾಲದ ಬೆಳಿಗ್ಗೆ, ಮಾಕಳಿದುರ್ಗದ ಕಡೆಯಿಂದ ಬರುವ ಗಾಳಿ, ಶೀಟಿನ ಸಂದು ಎಂದು ಸಮಾಧಾನ ಮಾಡಿಕೊಂಡೆ.

ಜಾಗದ ದೋಷವೇ ಇರಬೇಕೆಂದು ಕೋಚ್ ನಮ್ಮನ್ನು ಮೂರನೇ ಹಲಗೆಗೆ ಹಾಕಿದರು. ಒಂದನೆಯದಕ್ಕೆ ಬೇರೆ ಮಕ್ಕಳು, ಬೇರೆ ಬರೆಯುವವರು. ಆ ದಿನ ಒಂದನೇ ಹಲಗೆಯ ಕಾಗದದಲ್ಲಿ ಎಲ್ಲ ತೂತಿಗೂ ಗೀಟಿತ್ತು. ಗೀಟಿಲ್ಲದ ತೂತು ಮೂರನೆಯದರಲ್ಲಿತ್ತು. ಅದು ಜಾಗಕ್ಕೆ ಅಂಟಿಕೊಂಡದ್ದಲ್ಲ. ನನ್ನ ಹಿಂದೆ ಬಂದಿತ್ತು.

"ಆಯ್ಕೆ ದಿವ್ಸ ಬೇರೆ ಯಾರಾದ್ರೂ ಬರೀಲಿ ಮೇಡಂ" ಎಂದರು ಕೋಚ್, ನೆಲ ನೋಡುತ್ತಾ. "ನಿಮ್ಗೂ ನೆಮ್ಮದಿ."

ಅಲ್ಲಿ ನಾನು ಒಪ್ಪಿಕೊಳ್ಳಬೇಕಿತ್ತು. ಒಪ್ಪಲಿಲ್ಲ. ನಿಯಮ ಕನ್ನಡಕ್ಕೆ ತಂದವಳು ನಾನು. ಓದಿದವಳು ನಿಂಬೆಹಣ್ಣಿಗೆ ಹೆದರಿ ಪೆನ್ನು ಕೆಳಗಿಟ್ಟಳು ಎಂದು ನನ್ನ ಶಿಷ್ಯೆಯ ಎದುರು ಆಗಬಾರದಿತ್ತು. "ನಾನೇ ಬರೀತೀನಿ" ಎಂದೆ.

ಆಯ್ಕೆಯ ಭಾನುವಾರ ಮಂಜು ಹತ್ತು ಗಂಟೆಯಾದರೂ ಕರಗಿರಲಿಲ್ಲ. ಟ್ಯೂಬ್‌ಲೈಟ್ ಹಾಕಿದ್ದರೂ ಶೆಡ್ಡಿನ ಆ ತುದಿ ಹಾಲು ಬೆರೆಸಿದ ನೀರಿನ ಹಾಗೆ ಕಾಣುತ್ತಿತ್ತು. ಹುಡುಗಿ ಅವತ್ತು ಬಹಳ ಚೆನ್ನಾಗಿ ಹೊಡೆದಳು. ಮಾತಿಲ್ಲ, ಕತೆಯಿಲ್ಲ. ಹತ್ತೊಂಬತ್ತು ಸುತ್ತು ಮುಗಿದಾಗ ನಾನೂರ ಐವತ್ತಾರು. ಕೊನೆಯ ಮೂರು ಬಾಣಕ್ಕೆ ಇಪ್ಪತ್ತನಾಲ್ಕು ಬೇಕು. ಹಾಗೆಂದರೆ ಮೂರು ಎಂಟು.

ಮೊದಲನೆಯದು ಒಂಬತ್ತು. ಎರಡನೆಯದು ಏಳು. ಇನ್ನೊಂದಕ್ಕೆ ಎಂಟಾದರೂ ಬೇಕು. ಅವಳು ಉಸಿರು ಹಿಡಿದು ಎಳೆದಳು, ಬಿಟ್ಟಳು.

ಟಪ್ಪೆಂದು ಸದ್ದಾಯಿತು. ಮರುಗಳಿಗೆ ಇನ್ನೊಂದು ಸದ್ದು. ಎಷ್ಟೋ ತಿಂಗಳಿಂದ ನನ್ನ ಕಿವಿ ಕಾಯುತ್ತಿದ್ದ ಎರಡನೇ ಸದ್ದು. ಬಾಣ ಸವೆದ ಫೋಮಿನ ಹಿಂದಿನ ಮರದ ಹಲಗೆಗೆ ಬಡಿದು, ವಾಪಸ್ಸು ಹಾರಿ, ಎಣ್ಣೆ ಕಲೆಯ ಮೇಲೆ ಬಿದ್ದು ಉರುಳಿತು.

ಅವಳು ನಿಯಮದಂತೆ ಕದಲದೆ ಕೈಯೆತ್ತಿದಳು. ಕೋಚ್ ಮುಂದೆ, ನಾನು ಹಿಂದೆ, ಆಮೇಲೆ ಅವಳು. ಕಾಗದದ ಹತ್ತಿರ ಹೋದೆವು. ಮೊದಲಿನ ಎರಡು ಬಾಣ ಇನ್ನೂ ನೆಟ್ಟಿದ್ದವು. ಉಳಿದ ತೂತುಗಳಲ್ಲಿ ಗೀಟಿಲ್ಲದ್ದು ಎರಡು. ಒಂದು ಹಳದಿಯಲ್ಲಿ, ಒಂಬತ್ತಕ್ಕೆ. ಇನ್ನೊಂದು ಎಡಗಡೆ ಕೆಳಗೆ, ನೀಲಿಯಲ್ಲಿ, ಆರಕ್ಕೆ.

ಧೂಳು ಇಳಿಯುತ್ತಿತ್ತು.

"ಮಿಸ್, ಒಂಬತ್ತೇ ನಂದು. ಬಿಟ್ಟಾಗ್ಲೇ ಕೈಗೆ ಗೊತ್ತಾಯ್ತದೆ" ಎಂದಳು.

ಅಷ್ಟರಲ್ಲಿ ಅಮ್ಮ ಟೀ ಫ್ಲಾಸ್ಕ್ ಹಿಡಿದು ಒಳಗೆ ಬಂದಳು. "ಏನೇ ಅದು, ನಿಮ್ಮಪ್ಪನ ಥರ ಮೂಗು ತಾಗಿಸ್ಕೊಂಡು ನೋಡ್ತಿದ್ದೀಯ?"

ಕೋಚ್ ಇದ್ದದ್ದನ್ನು ಹೇಳಿದರು. ಅಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿ, ಮುಟ್ಟದೆ, ನೀಲಿಯ ಕಡೆ ಬೆರಳು ತೋರಿಸಿದಳು.

"ಇದನ್ನ ಬಿಟ್ಟಿರೋದು ನೀನೇ ಕಣೇ. ಎಡ್ಗಡೆ, ಕೆಳ್ಗಡೆ. ನಿಮ್ಮಪ್ಪ ಬಿಡ್ತಿದ್ದ ಜಾಗ."

"ಏನ್ ಬಿಡ್ತಿದ್ದ?"

"ದೃಷ್ಟಿಗೆ."

ಆಗ ನೆನಪಾಯಿತು. ಕೈ ಯಾವತ್ತೂ ಮರೆತಿರಲಿಲ್ಲವೇನೋ. ಸೀರೆ ಮಗ್ಗದಿಂದ ಇಳಿದ ಮೇಲೆ ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಎಳೆ ಬಿಟ್ಟ ಕಡೆಯೆಲ್ಲ ಬೆಳಕು ಸೂಜಿಯ ಹಾಗೆ ಈಚೆ ಬರುತ್ತಿತ್ತು. ಅಪ್ಪ ಬೆರಳಿಟ್ಟ ಕಡೆ ನಾನು ಸೀಮೆಸುಣ್ಣದಿಂದ ಗೀಟು ಎಳೆಯಬೇಕು, ಅಮ್ಮ ಆಮೇಲೆ ಸೂಜಿ ಹಿಡಿದು ಸರಿಮಾಡಬೇಕು. ನನಗೆ ಆಗ ಆರೋ ಏಳೋ ವರ್ಷ. ಎಡಗಡೆ ಕೆಳಗೆ, ಮಡಿಕೆಯೊಳಗೆ ಮರೆಯಾಗುವ ಕಡೆ ಒಂದು ತಪ್ಪು ಸಿಕ್ಕಿದರೆ ಅಪ್ಪ ಅದನ್ನು ಹಾಗೇ ಬಿಡುತ್ತಿದ್ದ. ಕೂಸಿನ ಕೆನ್ನೆಗೆ ಇಡುವ ಕಪ್ಪುಬೊಟ್ಟಿನ ಹಾಗೆ ಸೀರೆಗೂ ಒಂದು ಕುಂದು ಇರಲಿ ಎಂದು. ಮಿಕ್ಕ ಮಗ್ಗಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಅವನು ಹೇಳುತ್ತಿರಲಿಲ್ಲ. ಸೀಮೆಸುಣ್ಣ ಹಿಡಿದ ನನ್ನ ಮಣಿಕಟ್ಟನ್ನು ಹಿಡಿದು ನಿಲ್ಲಿಸುತ್ತಿದ್ದ. ಎಣ್ಣೆ ಮೆತ್ತಿದ, ಯಾವಾಗಲೂ ತಣ್ಣಗಿದ್ದ ಕೈ. ಬಳೆಗಿಂತ ಸ್ವಲ್ಪ ಮೇಲೆ.

ಮನೆಗೆ ಓಡಿ ಹಳೆಯ ಕಾಗದಗಳನ್ನೆಲ್ಲ ತಂದು ನೆಲದ ಮೇಲೆ ಹರಡಿದೆ. ಇಷ್ಟು ದಿನ ಎಷ್ಟು ಎಂದು ನೋಡಿದ್ದೆನೇ ಹೊರತು ಎಲ್ಲಿ ಎಂದು ನೋಡಿರಲಿಲ್ಲ. ಎಲ್ಲದರಲ್ಲೂ ಗೀಟಿಲ್ಲದ ತೂತು ಎಡಗಡೆ ಕೆಳಗೇ ಇತ್ತು.

ಕೋಚ್ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಹಂಗಾದ್ರೆ ಮಗೀದು ಒಂಬತ್ತೇ."

"ಒಂಬತ್ತೇ" ಎಂದೆ.

"ಈಗೇನ್ ಮಾಡದು ಮೇಡಂ? ನೀವೇ ಹೇಳಿ."

ಗೋಡೆಯ ಮೇಲೆ ನನ್ನದೇ ಅಕ್ಷರವಿತ್ತು. ಗೀಟಿಲ್ಲದ ತೂತು ಒಂದಕ್ಕಿಂತ ಹೆಚ್ಚಿದ್ದರೆ ಕಡಿಮೆ ಅಂಕವೇ ಸಲ್ಲತಕ್ಕದ್ದು. ನನ್ನ ಶಿಷ್ಯೆ ಎಂದು ಇವತ್ತು ಒಂಬತ್ತು ಬರೆದರೆ ನಾಳೆ ಇನ್ನೊಬ್ಬರ ಕೈಯೂ ಹಾಗೆ ಬರೆಯುತ್ತದೆ. ಗೊತ್ತಿದ್ದವರ ಮಕ್ಕಳಿಗೆ ಮಾತ್ರ ಒಲಿಯುವ ಅಂಕಗಳನ್ನು ನೋಡಿ ನೋಡಿಯೇ ನಾನು ಓದಿ ಮೇಲೆ ಬಂದದ್ದು. ಆದರೆ ಈ ಮಾತೆಲ್ಲ ಅವಳ ಮುಖದ ಮುಂದೆ ಎಷ್ಟು ಹಗುರವಾಗಿ ಕಂಡಿತೆಂದು ಹೇಳಲಾರೆ.

"ನಿಂದು ಒಂಬತ್ತು ಕಣಮ್ಮ. ನಾನು ಬರೆಯೋದು ಆರು. ತಪ್ಪು ನಂದು" ಎಂದೆ.

ಅವಳು ಅಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. "ಬರೀರಿ ಮಿಸ್" ಎಂದಳು. ನಾನೂರ ಎಪ್ಪತ್ತೆಂಟು. ಅವಳು ಕೆಳಗೆ ಸಹಿ ಹಾಕಿದಳು. ಸಹಿ ಬಿದ್ದ ಮೇಲೆ ತಿದ್ದುವಂತಿಲ್ಲ, ಅದೂ ಗೋಡೆಯ ಮೇಲಿದೆ.

ಎಲ್ಲರೂ ಹೋದ ಮೇಲೆ ಆ ನೀಲಿ ತೂತಿಗೆ ಗೀಟು ಎಳೆಯಲು ಹೋದೆ. ಮಣಿಕಟ್ಟು ತಣ್ಣಗಾಯಿತು. ಈ ಸಲ ಅರೆಗಳಿಗೆಯಲ್ಲ, ಬಿಡಲೇ ಇಲ್ಲ. ಸಾವಿರಾರು ಉತ್ತರಪತ್ರಿಕೆ ತಿದ್ದಿದ ಕೈ, ಒಂದು ಗೀಟಿಗೆ ಮುಂದೆ ಹೋಗಲಿಲ್ಲ.

"ಅಪ್ಪಾ, ಬಿಡು" ಎಂದೆ, ಜೋರಾಗಿಯೇ. ಖಾಲಿ ಶೆಡ್ಡಿನಲ್ಲಿ ನನ್ನ ದನಿ ನನಗೇ ಬೇರೆಯವರದೆನ್ನಿಸಿತು. ಪೆನ್ನನ್ನು ಎಡಗೈಗೆ ತೆಗೆದುಕೊಂಡು ಸೊಟ್ಟಗೆ ಗೀಟು ಎಳೆದೆ.

ಮರುದಿನ ಶಾಲೆ ಮುಗಿಸಿಕೊಂಡು ಆ ಹುಡುಗಿಯ ಮನೆಗೆ ಹೋದೆ. ಅವಳಪ್ಪ ಜಗುಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಡಿಸಿದ. ಎರಡು ಅಂಕ ಕಡಿಮೆಯಾದದ್ದು ಅವಳಿಂದಲ್ಲ, ನನ್ನಿಂದ ಎಂದು ಹೇಳಿದೆ. ದೃಷ್ಟಿಯ ಕತೆ ಹೇಳಲಿಲ್ಲ, ಗೀಟು ಬಿಟ್ಟೆ ಎಂದಷ್ಟೇ ಹೇಳಿದೆ.

"ಹಾಸ್ಟೆಲ್ ಇಲ್ಲ ಅಂದ್ಮೇಲೆ ಇಲ್ಲ ಕಣ್ರಮ್ಮ. ದಿನಾ ಬಸ್ಸಲ್ಲಿ ಓಡಾಡ್ಕೊಂಡು ಓದೋಕಾಯ್ತದಾ?" ಎಂದ.

"ಹಾಸ್ಟೆಲ್ ಬೇಡ. ನಮ್ಮನೇಲಿರ್ಲಿ. ಕಾಲೇಜು ನಮ್ಮನೆಯಿಂದ ಹತ್ತು ನಿಮಿಷ."

ಅವನು ನನ್ನ ಖಾಲಿ ಲೋಟ ಎತ್ತಿಕೊಂಡು ಎದ್ದ. "ಮೊದ್ಲು ಹತ್ತು ಪಾಸಾಗ್ಲಿ" ಎಂದ. ಅದು ಒಪ್ಪಿಗೆ ಎಂದು ನಾನು ತಿಳಿದುಕೊಂಡೆ. ಪಾಸಾದಳು.

ಈಗ ಅವಳು ನಮ್ಮ ಮನೆಯಲ್ಲಿದ್ದು ಪಿಯುಸಿ ಮೊದಲ ವರ್ಷ ಓದುತ್ತಿದ್ದಾಳೆ. ಸಂಜೆ ಅಮ್ಮನ ಜೊತೆ ಅವರೆಕಾಯಿ ಸುಲಿಯುತ್ತಾಳೆ, ಬೆಳಿಗ್ಗೆ ಶೆಡ್ಡಿನಲ್ಲಿ ಹೊಡೆಯುತ್ತಾಳೆ. ನಾನು ಅಂಕ ಮಾತ್ರ ಬರೆಯುತ್ತೇನೆ. ಗೀಟು ಎಳೆಯುವ ಪೆನ್ನು ಅವಳ ಕೈಗೇ ಕೊಟ್ಟಿದ್ದೇನೆ, ಆಯ್ಕೆಯ ದಿನದಿಂದ ನಾನು ಅದನ್ನು ಮುಟ್ಟಿಲ್ಲ. ಹನ್ನೊಂದು ತಿಂಗಳು ಅವಳ ಕಾಗದದಲ್ಲಿ ಗೀಟಿಲ್ಲದೆ ಒಂದೇ ಒಂದು ತೂತು ಉಳಿದಿರಲಿಲ್ಲ.

ಹೋದ ಭಾನುವಾರ ಕಾಗದ ಬಿಚ್ಚಿ, ಅಭ್ಯಾಸಬಲದಿಂದ ಕಿಟಕಿಗೆ ಹಿಡಿದೆ. ಎಡಗಡೆ ಕೆಳಗೆ ಒಂದು ಬೆಳಕಿನ ಸೂಜಿ. ಪಕ್ಕದಲ್ಲಿ ಗೀಟಿಲ್ಲ.

ಅವಳನ್ನು ಕರೆದು ತೋರಿಸಿದೆ. "ಎಲ್ಲಾ ಹಾಕಿದ್ನಲ್ಲ ಮಿಸ್. ಎಣಿಸ್ಕೊಂಡೇ ಹಾಕ್ದೆ. ಮೂವತ್ತು ಅಂತ ಹೇಳಿದ್ ಗ್ಯಾನ ಐತೆ" ಎಂದಳು. ಹೇಳುತ್ತಾ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಸವರಿಕೊಳ್ಳುತ್ತಿದ್ದಳು. ಏಕೆಂದು ನಾನು ಕೇಳಲಿಲ್ಲ. ಅಮ್ಮನನ್ನು ಕೇಳಿದೆ, ಅವಳಿಗೆ ಏನಾದರೂ ಹೇಳಿಕೊಟ್ಟೆಯಾ ಎಂದು. ಅಮ್ಮ ಅವರೆಕಾಳಿನ ಮೊರದಿಂದ ತಲೆಯೆತ್ತದೆ, "ನಾನ್ಯಾಕೆ ಹೇಳ್ಕೊಡ್ಲಿ?" ಎಂದಳು.

ಬರುವ ಭಾನುವಾರ ಈ ವರ್ಷದ ಆಯ್ಕೆ. ನಿನ್ನೆ ಚಾರ್ಟಿನ ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೇನೆ. ಪ್ರತಿ ಸುತ್ತಿನ ಬಾಣ ಕಿತ್ತ ಮೇಲೆ, ಬಿಲ್ಲುಗಾರ ವಾಪಸ್ಸು ಗೆರೆಗೆ ಹೋಗುವ ಮೊದಲು, ಬರೆದವರು ಮತ್ತು ಹೊಡೆದವರು ಇಬ್ಬರೂ ಕಾಗದದ ಎಡಗಡೆ ಕೆಳಭಾಗವನ್ನು ಇನ್ನೊಮ್ಮೆ ನೋಡತಕ್ಕದ್ದು. ಇದು ಯಾವ ಪುಸ್ತಕದಲ್ಲೂ ಇಲ್ಲ. ಕೋಚ್ ಓದಿ, ಏನೂ ಕೇಳದೆ, ಕೆಳಗೆ ಸಹಿ ಹಾಕಿದರು.